ರಕ್ಕಸನಿಗೆ ಎಂಥ ಬೇಕಿತ್ತು? ಶಿವಮೊಗ್ಗದ ಒಂದು ಆಟದ ಗುಂಪಿನ ಪ್ರಕರಣ

ಶಿವಮೊಗ್ಗದಲ್ಲಿ ಭಾನುವಾರ ಸಂಜೆ ಸೇರುವ ಆರು ಜನರ ಗುಂಪಿನಲ್ಲಿ ನಡೆದದ್ದು ಇದು. ಆರರಲ್ಲಿ ಒಬ್ಬ ನಾನು, ಆಟ ನಡೆಸುವವನು, ಅಂದರೆ ಡಿಎಂ. ಉಳಿದ ಐವರ ಹೆಸರು ಇಲ್ಲಿಲ್ಲ. ಕೆಲಸ, ಊರು ಎಲ್ಲ ಸ್ವಲ್ಪ ಆಚೀಚೆ ಮಾಡಿದ್ದೇನೆ. ಬರೆದದ್ದನ್ನು ಎಲ್ಲರಿಗೂ ಓದಿಸಿ ಒಪ್ಪಿಗೆ ತೆಗೆದುಕೊಂಡಿದ್ದೇನೆ. ವಕೀಲರು ಮಾತ್ರ ಎರಡು ಕಡೆ ತಿದ್ದುಪಡಿ ಕೇಳಿದರು. ಒಂದನ್ನು ಮಾಡಿದ್ದೇನೆ.

ಹಿನ್ನೆಲೆ

ನಾವು ಆಡುವುದು ಡಂಜನ್ಸ್ ಅಂಡ್ ಡ್ರಾಗನ್ಸ್, 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮಗಳಲ್ಲಿ. ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ಕಥೆಯ ಲೋಕವನ್ನು ನಡೆಸುತ್ತಾನೆ. ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ. ಬಾಯಿಮಾತಿನಲ್ಲೇ ಆಟ. ಏನಾದರೂ ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಎಸೆಯುವುದು.

ಮಲೆನಾಡಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಮಾತನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಅದಕ್ಕೆ ದಾಳ ಸೇರಿಸಿ, ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ ಅಂತ ಇಟ್ಟುಕೊಳ್ಳಿ. ಹೆಚ್ಚುಕಡಿಮೆ ನಮ್ಮ ಆಟ ಅದೇ.

ಆದರೆ ಹುಟ್ಟು ಬೇರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ 1974ರಲ್ಲಿ ಈ ಆಟವನ್ನು ಹೊರತಂದರು. ಇಬ್ಬರೂ ಸೈನಿಕರ ಗೊಂಬೆ ಇಟ್ಟು ಯುದ್ಧದಾಟ ಆಡುತ್ತಿದ್ದವರು. ಆ ಗುಣ ಇವತ್ತಿಗೂ ಹೋಗಿಲ್ಲ. ಮಾತಿಗೆ ನಿಯಮ ಕಮ್ಮಿ, ಹೊಡೆದಾಟಕ್ಕೆ ಜಾಸ್ತಿ. ನಮ್ಮ ತೊಂದರೆಯ ಬೇರು ಅಲ್ಲೇ ಇತ್ತು ಅಂತ ಈಗ ಅನ್ನಿಸುತ್ತದೆ.

ಆಡುವವರು ಯಾರು? ಒಬ್ಬರು ವಕೀಲರು. ಒಬ್ಬರು ಬ್ಯಾಂಕಿನಲ್ಲಿರುವ ಮೇಡಂ, ಅವರದ್ದು ಮಂತ್ರವಾದಿನಿ ಪಾತ್ರ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಹುಡುಗನಿಗೆ ಕೊಡಲಿ ಹಿಡಿದ ಯೋಧ. ಇಂಜಿನಿಯರಿಂಗ್ ಓದುವ ಹುಡುಗನಿಗೆ ಬಿಲ್ಲುಗಾರ. ಐದನೆಯವರು ಹೈಸ್ಕೂಲ್ ಮೇಷ್ಟ್ರು. ಅವರು ನಿಜವಾಗಿಯೂ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಮಾತಿಗೆ ಕೂತರೆ ಅವರನ್ನು ನಿಲ್ಲಿಸಲು ಚಹಾ ಬರಬೇಕು.

ಕಥೆಯ ಲೋಕ ನಮ್ಮದೇ ಕಲ್ಪನೆ. ಆದರೆ ಕೆಳದಿ ನಾಯಕರ ಕಾಲದ ನೆರಳು ಅದರಲ್ಲಿದೆ. ಕವಲೇದುರ್ಗದಂಥ ಕೋಟೆ, ಘಟ್ಟ ಇಳಿಯುವ ಎತ್ತಿನ ಸಾಲು, ಮೇಲಿನಿಂದ ಮೆಣಸು ಅಡಿಕೆ, ಕೆಳಗಿನಿಂದ ಉಪ್ಪು. ದುಬಾರಿ ಗೊಂಬೆಗಳು ನಮ್ಮಲ್ಲಿಲ್ಲ. ಕಳ್ಳರಿಗೆ ಹುಣಸೆ ಬೀಜ, ರಕ್ಕಸರಿಗೆ ಗೋಟಡಿಕೆ, ಆಟಗಾರರಿಗೆ ಚೌಕಾಬಾರದ ಕಾಯಿ.

ಮೊದಲ ಐದಾರು ತಿಂಗಳು ಚೆನ್ನಾಗಿಯೇ ನಡೆಯಿತು. ಅಥವಾ ಚೆನ್ನಾಗಿ ನಡೆಯುತ್ತಿದೆ ಅಂತ ನಾನು ಅಂದುಕೊಂಡಿದ್ದೆ.

ಮೂರು ರಕ್ಕಸರು, 110 ನಿಮಿಷ

ಮಾತು, ತನಿಖೆ, ಚೌಕಾಸಿ ಇದ್ದಾಗ ಎಲ್ಲರೂ ಮುಂದೆ ಬಾಗಿ ಕೂರುತ್ತಿದ್ದರು. ಹೊಡೆದಾಟ ಶುರುವಾದ ಕೂಡಲೇ ಬೆನ್ನು ಕುರ್ಚಿಗೆ ಅಂಟುತ್ತಿತ್ತು. ಮೂರನೇ ಸುತ್ತಿಗೆ ಎಲ್ಲರ ಕೈಗೂ ಮೊಬೈಲ್ ಬರುತ್ತಿತ್ತು. ಒಂದು ಸಲ ಬ್ಯಾಂಕ್ ಮೇಡಂ ತಮ್ಮ ಸರದಿ ಬರುವಷ್ಟರಲ್ಲಿ ಕರೆಂಟ್ ಬಿಲ್ ಕಟ್ಟಿ, ಅಣ್ಣನ ಮಗಳಿಗೆ ಡ್ರೆಸ್ ಆರ್ಡರ್ ಮಾಡಿ ಮುಗಿಸಿದ್ದರು. ವಕೀಲರು ಸೋಫಾಗೆ ಒರಗಿ, "ನನ್ನ ಕೇಸು ಕರೆದಾಗ ಎಬ್ಬಿಸಿ ಮಾರಾಯ್ರೇ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗುವಾಗ ಮಾತ್ರ ಚುಚ್ಚಿತು.

ಮುಂದಿನ ವಾರ ಮೂರು ರಕ್ಕಸರ ಜೊತೆ ಕಾಳಗ ಇತ್ತು. ಅವತ್ತು ಪ್ರತಿ ಸರದಿ ಶುರುವಾದ ಸಮಯವನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡೆ. ಒಟ್ಟು 110 ನಿಮಿಷ, ಏಳು ಸುತ್ತು. ಅದರಲ್ಲಿ ಬ್ಯಾಂಕ್ ಮೇಡಂ ಸರದಿಗಳೆಲ್ಲ ಸೇರಿ 9 ನಿಮಿಷ. ಏಳು ಸಲ ದಾಳ ಎಸೆದರು, ನಾಲ್ಕು ಸಲ ಗುರಿ ತಪ್ಪಿತು. ಅಂದರೆ ಭಾನುವಾರದ ಸಂಜೆ ಸುಮಾರು ಎರಡು ಗಂಟೆ ಕೂತು, ಮೂರು ಸಲ ಮಾತ್ರ ಅವರಿಂದ ಏನಾದರೂ ಆಯಿತು.

ರಾತ್ರಿ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ನಿಯಮದ ಪ್ರಕಾರ ಒಬ್ಬ ರಕ್ಕಸನಿಗೆ, ಇಂಗ್ಲಿಷಿನಲ್ಲಿ ಓಗರ್ ಅನ್ನುತ್ತಾರೆ, 59 ಎಚ್‌ಪಿ. ಎಚ್‌ಪಿ ಅಂದರೆ ಪ್ರಾಣದ ಅಂಕಿ, ಏಟು ತಾಗಿದಷ್ಟೂ ಇಳಿಯುತ್ತದೆ, ಸೊನ್ನೆಯಾದರೆ ಬಿದ್ದ. ಅವನನ್ನು ತಾಗಲು 11 ಬರಬೇಕು. ನಮ್ಮವರು ದಾಳಕ್ಕೆ 5 ಕೂಡಿಸುತ್ತಿದ್ದರು, ಅಂದರೆ ಇಪ್ಪತ್ತು ಮುಖದ ದಾಳದಲ್ಲಿ 6 ಬಿದ್ದರೂ ಸಾಕು. ಹಾಗಾಗಿ ನಾಲ್ಕರಲ್ಲಿ ಮೂರು ಏಟು ತಾಗಬೇಕು. ಒಂದು ಕತ್ತಿಯೇಟಿಗೆ ಸರಾಸರಿ ಏಳೂವರೆ ಎಚ್‌ಪಿ ಹೋಗುತ್ತದೆ. 59ಕ್ಕೆ ಎಂಟು ಏಟು, ತಪ್ಪಿದ್ದೂ ಸೇರಿದರೆ ಹತ್ತು ಹನ್ನೊಂದು ಸರದಿ. ಮೂರು ರಕ್ಕಸರಿಗೆ ಮೂವತ್ತೆರಡು ಸರದಿ. ಐದು ಜನರಿಗೆ ಹಂಚಿದರೆ ಸುಮಾರು ಆರೂವರೆ ಸುತ್ತು. ನಾನು ನೋಟ್‌ಬುಕ್ಕಿನಲ್ಲಿ ಬರೆದ ಏಳು ಸುತ್ತು ಸುಮ್ನೆ ಆಗಿದ್ದಲ್ಲ, ಲೆಕ್ಕದಲ್ಲೇ ಇತ್ತು.

ಮೂರನೇ ಸುತ್ತಿನಲ್ಲಿ ಮೊದಲ ರಕ್ಕಸ ಬಿದ್ದಿದ್ದ. ನಾಲ್ಕನೇ ಸುತ್ತಿಗೆ ಯಾರು ಗೆಲ್ಲುತ್ತಾರೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ಉಳಿದದ್ದೆಲ್ಲ ಬಾಕಿ ವಸೂಲಿ. ರಕ್ಕಸರು ಓಡಲಿಲ್ಲ, ಶರಣಾಗಲಿಲ್ಲ, ಬೈಯಲಿಲ್ಲ. ನಿಂತರು, ಹೊಡೆದರು, ಸತ್ತರು.

ಈ ಪುಟ ಕೈಯಲ್ಲಿದ್ದೂ ನಾನು ಅದನ್ನು ತಪ್ಪಾಗಿ ಓದಿದೆ. 110 ನಿಮಿಷ ಅನ್ನುವ ಅಂಕಿ ಕಣ್ಣಿಗೆ ಹೊಡೆಯಿತು. ತೊಂದರೆ ನಿಧಾನದ್ದು ಅಂತ ತೀರ್ಮಾನ ಮಾಡಿಬಿಟ್ಟೆ.

ಮೊದಲ ಪ್ರಯತ್ನ: ಗಡಿಯಾರ

ಒಬ್ಬೊಬ್ಬರಿಗೆ ಒಂದು ನಿಮಿಷ. ಮೊಬೈಲಿನಲ್ಲಿ ಟೈಮರ್. ಅಷ್ಟರೊಳಗೆ ಹೇಳದಿದ್ದರೆ ಸರದಿ ಹೋಯಿತು. ಶತ್ರುಗಳ ಏಟಿಗೆ ನಾನು ದಾಳ ಎಸೆದು ಕೂಡಿಸುವ ಬದಲು ಪುಸ್ತಕದಲ್ಲಿ ಕೊಟ್ಟ ಸರಾಸರಿಯನ್ನೇ ತೆಗೆದುಕೊಳ್ಳುವುದು. ರಕ್ಕಸ ತಾಗಿಸಿದರೆ 13, ಮುಗೀತು.

ಸಮಯವೇನೋ ಇಳಿಯಿತು. ಅಷ್ಟೇ ದೊಡ್ಡ ಕಾಳಗ ಒಂದು ಗಂಟೆ ಹತ್ತು ನಿಮಿಷಕ್ಕೆ ಬಂತು. ಆದರೆ ನಿಯಮ ಬಾಯಿಪಾಠ ಇದ್ದ ಇಂಜಿನಿಯರಿಂಗ್ ಹುಡುಗನಿಗೆ ಟೈಮರಿನಿಂದ ಏನೂ ಆಗಲಿಲ್ಲ. ಬ್ಯಾಂಕ್ ಮೇಡಂಗೆ ಆಯಿತು. ಹಗಲೆಲ್ಲ ಕೌಂಟರಿನಲ್ಲಿ ಜನರ ಅವಸರ ನೋಡಿ ಬರುವವರು, ಇಲ್ಲೂ ಟೈಮರ್ ಕಿರುಚುವುದನ್ನು ಕೇಳಬೇಕಾಯಿತು. ಎರಡು ಸಲ ಸರದಿ ಕಳೆದುಕೊಂಡರು. ಮೂರನೇ ಸಲ ಯೋಚನೆಯನ್ನೇ ಬಿಟ್ಟು "ಹೊಡೀತೀನಿ" ಅಂದರು. ಆಮೇಲೆ ಎಲ್ಲರೂ ಹಾಗೇ. ಯೋಚನೆ ಮಾಡುವವರು ಯಾರೂ ಉಳಿಯಲಿಲ್ಲ.

"ಕೋರ್ಟಲ್ಲೂ ವಾಯಿದೆ ಕೊಡ್ತಾರೆ ಮಾರಾಯ್ರೇ" ಅಂದರು ವಕೀಲರು.

ಟೈಮರ್ ಮೂರು ವಾರಕ್ಕೆ ಹೋಯಿತು. ಸರಾಸರಿ ಏಟು ಇವತ್ತಿಗೂ ಇದೆ. ನಾನು ದಾಳ ಕೂಡಿಸುವುದನ್ನು ನೋಡಲು ಯಾರೂ ಬಂದಿರುವುದಿಲ್ಲ, ಅಲ್ವಾ.

ಎರಡನೇ ಪ್ರಯತ್ನ: ಸಾವಿನ ಭಯ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ. ಇದೇ ತಪ್ಪನ್ನು ಬೇರೆಯವರೂ ಮಾಡುವುದನ್ನು ನೋಡಿದ್ದೇನೆ.

ಭಯ ಇಲ್ಲದ್ದರಿಂದ ಬೇಜಾರು ಅಂತ ನನ್ನ ಹೊಸ ವಾದ. ಹಾಗಾಗಿ ಒಂದು ಪಟ್ಟಿ ಮಾಡಿದೆ. ಏನೂ ಕೂಡಿಸದೆ ದಾಳದಲ್ಲೇ ನೇರ 20 ಬಿದ್ದರೆ, ಪುಸ್ತಕದಲ್ಲಿರುವ ಹಾಗೆ ಏಟಿಗೆ ಸುಮ್ಮನೆ ಎರಡು ಪಟ್ಟು ದಾಳ ಎಸೆಯುವುದಲ್ಲ, ಪಟ್ಟಿ ನೋಡುವುದು. ಕೈ ಮುರಿಯಬಹುದು, ಕಣ್ಣು ಹೋಗಬಹುದು, ಕುತ್ತಿಗೆಗೆ ಬೀಳಬಹುದು. ನಮ್ಮವರಿಗೂ ಅದೇ ನಿಯಮ, ಶತ್ರುವಿಗೂ ಅದೇ. ನ್ಯಾಯವಾಗಿಯೇ ಇದೆ ಅಂತ ಅಂದುಕೊಂಡೆ.

ಅದು ನ್ಯಾಯ ಅಲ್ಲ. ಯಾಕೆ ಅಂತ ನನಗೆ ಹೊಳೆದದ್ದು ಆಮೇಲೆ. ಒಬ್ಬ ಕಳ್ಳ ಆಟದಲ್ಲಿ ಇರುವುದು ಒಂದೇ ಸಂಜೆ. ಕುತ್ತಿಗೆಗೆ ಬಿದ್ದು ಸತ್ತರೂ, ಎಚ್‌ಪಿ ಮುಗಿದು ಸತ್ತರೂ ಅವನಿಗೆ ಎರಡೂ ಒಂದೇ. ಆಟಗಾರನ ಪಾತ್ರ ಪ್ರತಿ ವಾರ ದಾಳದ ಮುಂದೆ ನಿಲ್ಲುತ್ತದೆ. ಶತ್ರುಗಳ ಕಡೆಯಿಂದ ಒಂದು ಸಂಜೆ 20 ಸಲ ದಾಳ ಬಿದ್ದರೆ, ಅದರಲ್ಲಿ ಒಂದಾದರೂ ನೇರ 20 ಬರುವ ಸಾಧ್ಯತೆ ನೂರಕ್ಕೆ 64. ವಾರ ವಾರ ಹೀಗೇ ನಡೆದರೆ ಪಟ್ಟಿಯ ಕೆಟ್ಟ ಸಾಲು ಯಾರ ಪಾಲಿಗಾದರೂ ಬಂದೇ ಬರುತ್ತದೆ.

ಎರಡನೇ ವಾರದಲ್ಲೇ ಬಂತು. ಹೆಸರೂ ಇಲ್ಲದ ಒಬ್ಬ ಕಾವಲುಗಾರ. ಕೈಯಲ್ಲಿ ಸಣ್ಣ ಚೂರಿ. ದಾಳ 20. ಪಟ್ಟಿ ನೋಡಿದರೆ ಕುತ್ತಿಗೆ. ಇಂಜಿನಿಯರಿಂಗ್ ಹುಡುಗನ ಬಿಲ್ಲುಗಾರ, ಎಂಟು ತಿಂಗಳಿನಿಂದ ಆಡಿಕೊಂಡು ಬಂದ ಪಾತ್ರ, ಕಾಳಗದ ಮೊದಲ ಸುತ್ತಿನಲ್ಲೇ ಸತ್ತಿತು. ಅವನು ಇನ್ನೂ ಒಂದು ಸರದಿಯನ್ನೂ ಆಡಿರಲಿಲ್ಲ.

ಜಗಳ ಮಾಡಿದ್ದರೆ ಪರವಾಗಿರಲಿಲ್ಲ. ಪಾತ್ರದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ. ಬ್ಯಾಗಿನ ಮುಂದಿನ ಜೇಬಿಗೆ ಹಾಕಿದ. ಉಳಿದ ಕಾಳಗ ಮುಗಿಯುವ ತನಕ ಕೂತ, ಕೋಡುಬಳೆ ತಿಂದ, "ಬರ್ತೀನಿ ಅಣ್ಣ" ಅಂತ ಹೋದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಇಂಟರ್ನಲ್ಸ್ ಇದೆ ಅಂತ ಮೆಸೇಜ್ ಬಂತು.

ಜಗಲಿಯ ಮೇಲೆ ಕೇಳಿದ ಪ್ರಶ್ನೆ

ಆ ಸಮಯದಲ್ಲಿ ಒಂದು ಕೆಲಸದ ಮೇಲೆ ಮೇಷ್ಟ್ರ ಊರಿನ ಮನೆಗೆ ಹೋಗಿದ್ದೆ. ಜೂನ್ ಕೊನೆ. ಮಳೆ ಹಿಡಿದು ನಾಲ್ಕು ದಿನ ಆಗಿತ್ತು, ಕರೆಂಟ್ ಹೋಗಿ ಎರಡು ದಿನ. ಬೈಕ್ ನಿಲ್ಲಿಸಿ ತೋಟದ ದಾರಿಯಲ್ಲಿ ನಡೆದು ಬರುವಷ್ಟರಲ್ಲಿ ಕಾಲಿಗೆ ಮೂರು ಉಂಬಳ. ಜಗಲಿಯ ಮೇಲೆ ಕೂತು ಅದನ್ನು ಕಿತ್ತು ಹಾಕುತ್ತಾ, ಕಷಾಯ ಕುಡಿಯುತ್ತಾ ನನ್ನ ಗೋಳು ಹೇಳಿಕೊಂಡೆ. ಬಯಲಾಟದಲ್ಲಿ ಯುದ್ಧ ಅಂದರೆ ಮಲಗಿದವರೂ ಎದ್ದು ಕೂರುತ್ತಾರೆ. ನಮ್ಮಲ್ಲಿ ಯುದ್ಧ ಬಂದರೆ ಕೂತವರೂ ಮಲಗುತ್ತಾರೆ. ಯಾಕೆ?

ಚಂಡೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಚಂಡೆ ವಿಷಯಕ್ಕೇ ಬರಲಿಲ್ಲ.

"ಕರ್ಣ ಸಾಯ್ತಾನೆ ಅಂತ ನನ್ನ ಅಜ್ಜಿಗೂ ಗೊತ್ತಿತ್ತು. ಆದ್ರೂ ಬೆಳಗಿನ ತನಕ ಕೂರ್ತಿದ್ಲು. ಯಾರು ಗೆಲ್ತಾರೆ ಅನ್ನೋದಕ್ಕಲ್ಲ ಮಾರಾಯ. ಅವನು ಯಾಕೆ ಬಂದ, ಎಂಥ ಬಿಟ್ಟು ಬಂದ, ಇನ್ನು ಹಿಂದೆ ಹೋಗಕ್ಕೆ ಆಗತ್ತಾ, ಅದಕ್ಕೆ ಕೂರ್ತಿದ್ಲು." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅವತ್ತು ಮೂರು ರಕ್ಕಸರು ಬಂದ್ರಲ್ಲ. ಅವರಿಗೆ ಎಂಥ ಬೇಕಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಎಚ್‌ಪಿ ಗೊತ್ತಿತ್ತು. ಅವರ ಗದೆಯ ಉದ್ದ ಗೊತ್ತಿತ್ತು. ಯಾಕೆ ಬಂದರು ಅಂತ ನಾನು ಯೋಚನೆಯೇ ಮಾಡಿರಲಿಲ್ಲ. ಅವತ್ತಿನ ಸಂಜೆಗೆ ಒಂದು ಕಾಳಗ ಬೇಕಿತ್ತು, ಅದಕ್ಕೆ ಬಂದರು.

ಪ್ರಕರಣ ತಿರುಗಿದ್ದು ಇಲ್ಲಿ. ಮೇಷ್ಟ್ರು ದೊಡ್ಡ ತತ್ವವನ್ನೇನೂ ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿ ಒಳಗೆ ಹೋಗಿ ಹಲಸಿನ ಹಪ್ಪಳ ತಂದರು, ಅಷ್ಟೇ.

ಮೂರನೇ ಪ್ರಯತ್ನ: ಉಪ್ಪಿನ ಗಾಡಿ

ಅವತ್ತಿನಿಂದ ಕಾಳಗಕ್ಕೆ ಮುಂಚೆ ಮೂರು ಸಾಲು ಬರೆಯಲು ಶುರು ಮಾಡಿದೆ. ಶತ್ರುವಿಗೆ ಏನು ಬೇಕು. ಅವನು ಯಾವಾಗ ಓಡುತ್ತಾನೆ. ಎಲ್ಲರೂ ಸಾಯದೆಯೂ ಇದು ಹೇಗೆ ಮುಗಿಯಬಹುದು. ಮೂರನೇ ಸಾಲು ಬರೆಯಲು ಆಗದಿದ್ದರೆ ಆ ಕಾಳಗವನ್ನೇ ಬಿಟ್ಟುಬಿಡುವುದು.

ಓಡುವುದಕ್ಕೆ ಹಳೆಯ ನಿಯಮ ಒಂದನ್ನು ತಂದೆ. 1981ರ ಬೇಸಿಕ್ ಆವೃತ್ತಿಯಲ್ಲಿ ಪ್ರತಿ ಶತ್ರುವಿಗೂ ಒಂದು ಧೈರ್ಯದ ಅಂಕಿ ಇರುತ್ತಿತ್ತು. ಅವರಲ್ಲಿ ಮೊದಲನೆಯವನು ಸತ್ತಾಗ, ಮತ್ತೆ ಅರ್ಧ ಜನ ಬಿದ್ದಾಗ, ಎರಡು ಮಾಮೂಲಿ ದಾಳ ಎಸೆಯುವುದು. ಮೊತ್ತ ಆ ಅಂಕಿಗಿಂತ ಜಾಸ್ತಿ ಬಂದರೆ ಓಟ. ಧೈರ್ಯ 8 ಇದ್ದರೆ 36ರಲ್ಲಿ 10 ಸಲ ಓಡುತ್ತಾರೆ. ಕಳ್ಳರಿಗೆ ಇದು ಸರಿಯಾದ ಅಳತೆ ಅನ್ನಿಸಿತು. ಕೂಲಿಗೆ ಬಂದವನು ಪ್ರಾಣ ಕೊಡುವ ತನಕ ಯಾಕೆ ನಿಲ್ಲುತ್ತಾನೆ?

ಸರದಿಯ ಕ್ರಮವನ್ನೂ ಬದಲಾಯಿಸಿದೆ. ಮೊದಲು ಪ್ರತಿಯೊಬ್ಬರೂ ಬೇರೆ ಬೇರೆ ದಾಳ ಎಸೆದು, ಬಂದ ಅಂಕಿಯ ಕ್ರಮದಲ್ಲಿ ಆಡುವುದು, ನಡುನಡುವೆ ಶತ್ರುಗಳು. ಈಗ ಪ್ರತಿ ಸುತ್ತಿಗೂ ಎರಡು ಕಡೆಯಿಂದ ಒಂದೊಂದು ದಾಳ. ಗೆದ್ದ ಕಡೆಯವರು ಎಲ್ಲರೂ ಮೊದಲು. ಯಾರು ಮುಂದೆ ಯಾರು ಹಿಂದೆ ಅಂತ ನಮ್ಮವರು ಅವರವರೇ ಮಾತಾಡಿಕೊಳ್ಳುವುದು.

ಜುಲೈಯ ಒಂದು ಭಾನುವಾರ. ಇಂಜಿನಿಯರಿಂಗ್ ಹುಡುಗ ಇಲ್ಲ, ನಾಲ್ಕೇ ಜನ. ಬ್ಯಾಂಕ್ ಮೇಡಂ ನೀಲಿ ವೇಲ್ ಮೇಜಿನ ಮೇಲೆ ಉದ್ದಕ್ಕೆ ಹಾಸಿದೆವು, ಅದು ಹೊಳೆ. ಒಂದು ಬೆಂಕಿಪೊಟ್ಟಣ, ಅದು ಉಪ್ಪಿನ ಗಾಡಿ. ಎರಡು ಗೋಟಡಿಕೆ, ಎತ್ತುಗಳು. ಒಂಬತ್ತು ಹುಣಸೆ ಬೀಜ. ಹೊಳೆಯ ಮೇಲೆ ಅಡ್ಡ ಇಟ್ಟ ಪೆನ್ಸಿಲ್ ಅಡಿಕೆ ಮರದ ಸಂಕ. ಪಕ್ಕದಲ್ಲಿ ಒಂದು ಕೆಂಪು ದಾಳ, 6 ಮೇಲೆ ಮಾಡಿ ಇಟ್ಟೆ. "ಮೇಲೆ ಘಟ್ಟದಲ್ಲಿ ಮಳೆ ಹೊಯ್ತಾ ಇದೆ. ನೀರು ಕೆಂಪಾಗಿದೆ. ಪ್ರತಿ ಸುತ್ತಿಗೆ ಇದು ಒಂದು ಇಳಿಯತ್ತೆ. ಒಂದಾದ ಮೇಲೆ ಈ ಹೊಳೆ ಯಾರೂ ದಾಟಲ್ಲ."

ನನ್ನ ಚೀಟಿಯಲ್ಲಿ ಇದ್ದದ್ದು ಇಷ್ಟು: ಕಳ್ಳರಿಗೆ ಉಪ್ಪಿನ ಗಾಡಿ ಬೇಕು, ಪ್ರಯಾಣಿಕರ ಪ್ರಾಣ ಬೇಡ. ಗಾಡಿ ಆಚೆ ದಡ ಸೇರಿದರೆ ಅವರು ಗೆದ್ದರು.

ಮೊದಲ ಸುತ್ತು ಹಳೆಯ ಹಾಗೇ. ತೋಟದ ಹುಡುಗ ಕೊಡಲಿಯಿಂದ ಒಬ್ಬನನ್ನು ಕೆಡವಿದ. ಧೈರ್ಯದ ದಾಳ 5 ಬಂತು, ಕಳ್ಳರು ನಿಂತರು. ಆದರೆ ಅವರಲ್ಲಿ ನಾಲ್ವರು ತಿರುಗಿಯೂ ನೋಡದೆ ಗಾಡಿಯನ್ನು ನೀರಿಗೆ ಇಳಿಸಿದರು. ವಕೀಲರು ಎದ್ದು ಕೂತರು. "ಅವ್ರು ನಮ್ಮನ್ನ ಹೊಡೀತಾ ಇಲ್ವಲ್ಲ?"

ಎರಡನೇ ಸುತ್ತಿನಲ್ಲಿ ಬ್ಯಾಂಕ್ ಮೇಡಂ ಸರದಿ. ಅವರು ಯಾವಾಗಲೂ ಕೇಳುವುದು "ಎಷ್ಟು ಬರಬೇಕು?" ಅಂತ. ಅವತ್ತು ದಾಳ ಮುಟ್ಟಲಿಲ್ಲ. ಬೆಂಕಿಪೊಟ್ಟಣ ನೋಡುತ್ತಾ ಕೂತರು. "ಎತ್ತನ್ನ ನೊಗಕ್ಕೆ ಕಟ್ಟಿರ್ತಾರಲ್ಲ, ಆ ಹಗ್ಗ ಯಾವ ಕಡೆ ಇರತ್ತೆ?"

ನನಗೆ ಗೊತ್ತಿರಲಿಲ್ಲ. ತೋಟದ ಹುಡುಗನೇ ಕೈಯಲ್ಲಿ ತೋರಿಸಿದ. ಮಂತ್ರವಾದಿನಿ ಸೊಂಟದ ಮಟ್ಟದ ನೀರಿಗೆ ಇಳಿದು, ಮಂತ್ರ ಗಿಂತ್ರ ಏನೂ ಇಲ್ಲದೆ, ಚಾಕುವಿನಿಂದ ಹಗ್ಗ ಕೊಯ್ದರು. ಒಂದು ಗೋಟಡಿಕೆ ವೇಲಿನ ಮೇಲಿಂದ ಉರುಳಿ ಹೋಯಿತು. ಎತ್ತು ಕಿತ್ತುಕೊಂಡು ಓಡಿತು, ಗಾಡಿ ಹೊಳೆಯ ಮಧ್ಯೆ ಓರೆಯಾಗಿ ನಿಂತಿತು. ನನ್ನ ಚೀಟಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಮೇಜಿನ ಸುತ್ತ ನಾಲ್ಕೂ ಜನ ಒಟ್ಟಿಗೆ ಮಾತಾಡುತ್ತಿದ್ದರು.

ಆಮೇಲೆ ನಡೆದದ್ದು ಸರಿಯಾದ ಗಲಾಟೆ. ಮೇಷ್ಟ್ರು ಸಂಕದ ಮೇಲೆ ನಿಂತು ಕಳ್ಳರ ನಾಯಕನಿಗೆ ಅವನ ಊರಿನ ದೇವರ ಆಣೆ ಹಾಕಿ ಬೈದರು. ವಕೀಲರು ನೀರಿನಲ್ಲಿ ನಿಂತೇ ರಾಜಿ ಮಾತಿಗೆ ಇಳಿದರು: ಅರ್ಧ ಉಪ್ಪು ನಿಮಗೆ, ಗಾಡಿ ನಮಗೆ. ಕೆಂಪು ದಾಳ 2ಕ್ಕೆ ಬಂದಿತ್ತು. ಅಷ್ಟರಲ್ಲಿ ಐದನೇ ಕಳ್ಳ ಬಿದ್ದ. ಎಲ್ಲರೂ ನೋಡುವ ಹಾಗೆ ಧೈರ್ಯದ ದಾಳ ಎಸೆದೆ. 5 ಮತ್ತು 4. ಒಂಬತ್ತು. ಉಳಿದವರು ಕೈಗೆ ಸಿಕ್ಕ ಎರಡು ಮೂಟೆ ಹೊತ್ತುಕೊಂಡು ಓಡಿದರು. ಗಾಡಿ ನಮ್ಮವರಿಗೆ ಸಿಕ್ಕಿತು. ಆದರೆ ಅಷ್ಟು ಹೊತ್ತು ನೀರಿನಲ್ಲಿ ನಿಂತ ಗಾಡಿ. ಅಡಿಯಲ್ಲಿದ್ದ ಉಪ್ಪೆಲ್ಲ ಕರಗಿ ಹೋಗಿತ್ತು.

ಗೆದ್ದರಾ ಸೋತರಾ ಅಂತ ಮನೆಗೆ ಹೋಗುವ ತನಕ ಚರ್ಚೆ. ಗಡಿಯಾರ ನೋಡಿದೆ. ಐದು ಸುತ್ತು, 55 ನಿಮಿಷ.

ಆಮೇಲೆ ಹರಿದ ಜಾಗಗಳು

ಇಲ್ಲಿಗೆ ನಿಲ್ಲಿಸಿದರೆ ಚೆಂದ ಕಾಣುತ್ತಿತ್ತು. ಆದರೆ ಮಾರನೇ ದಿನವೇ ತೋಟದ ಹುಡುಗ ಫೋನ್ ಮಾಡಿದ. "ಚೆನ್ನಾಗಿತ್ತು. ಆದ್ರೆ ನಾನು ಕೊಡಲಿ ಹಿಡ್ಕೊಂಡು ದಡದಲ್ಲಿ ನಿಂತಿದ್ದೆ ಅಷ್ಟೇ. ಹೊಡೆಯೋದಕ್ಕೇ ಅಂತ ಪಾತ್ರ ಕಟ್ಟಿದ್ದು ನಾನು. ಈಗ ಹೊಡೆಯೋದೇ ದಡ್ಡತನ ಅನ್ನೋ ಹಾಗೆ ಆತಲ್ಲ."

ಅವನು ಹೇಳಿದ್ದು ಸರಿ. ನಾನು ಒಂದು ಅತಿಯಿಂದ ಇನ್ನೊಂದು ಅತಿಗೆ ಹಾರಿದ್ದೆ. ಕೊಡಲಿಗೂ ಗೌರವ ಬೇಕು. ಇದಕ್ಕೆ ನಾವಿಬ್ಬರೂ ಸೇರಿ ಒಂದು ಮನೆ ನಿಯಮ ಮಾಡಿದೆವು. ಏಟು ತಾಗಿದ ಮೇಲೆ ಆಟಗಾರನಿಗೆ ಆಯ್ಕೆ: ಪೂರ್ತಿ ಎಚ್‌ಪಿ ಕಳೆಯುವುದು, ಅಥವಾ ಅರ್ಧ ಮಾತ್ರ ಕಳೆದು ಶತ್ರುವನ್ನು ಎರಡು ಹೆಜ್ಜೆ ದೂಡುವುದು, ಕೈಯಲ್ಲಿದ್ದದ್ದನ್ನು ಬೀಳಿಸುವುದು, ನೆಲಕ್ಕೆ ಕೆಡವುವುದು. ಪುಸ್ತಕದಲ್ಲಿ ದೂಡುವುದಕ್ಕೆ ಬೇರೆ ನಿಯಮ ಇದೆ. ಆದರೆ ಅದಕ್ಕೆ ಏಟನ್ನು ಬಿಟ್ಟುಕೊಡಬೇಕು, ಹಾಗಾಗಿ ನಮ್ಮಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಮುಂದಿನ ತಿಂಗಳು ಅವನು 59 ಎಚ್‌ಪಿಯ ರಕ್ಕಸನನ್ನು ಎರಡೇ ಏಟಿಗೆ ಸಂಕದಿಂದ ಕೆಳಗೆ ಹಾಕಿದ. ಹೊಳೆ ಅವನನ್ನು ಒಯ್ದಿತು. ಎಚ್‌ಪಿ ಎಷ್ಟು ಉಳಿದಿತ್ತು ಅಂತ ಯಾರೂ ಕೇಳಲಿಲ್ಲ.

ಇನ್ನೊಂದು ಹರಿದದ್ದು ಸರದಿಯ ಮಾತುಕತೆಯಲ್ಲಿ. ಎಲ್ಲರೂ ಸೇರಿ ತೀರ್ಮಾನ ಮಾಡಿ ಅಂದರೆ ಮಾತು ಬಲ್ಲವರೇ ತೀರ್ಮಾನ ಮಾಡುತ್ತಾರೆ. ನಮ್ಮಲ್ಲಿ ಒಬ್ಬರು ವಕೀಲರು, ಒಬ್ಬರು ಅರ್ಥಧಾರಿ. ಕೇಳಬೇಕಾ? ಬ್ಯಾಂಕ್ ಮೇಡಂ ಮೂರು ಸುತ್ತು ಕೊನೆಗೇ ಉಳಿದದ್ದನ್ನು ನೋಡಿ, ಹಿಂದಿನ ಸುತ್ತಿನಲ್ಲಿ ಕೊನೆಗೆ ಆಡಿದವರು ಈ ಸುತ್ತಿನಲ್ಲಿ ಮೊದಲು ಅಂತ ಮಾಡಿದೆ. ವಕೀಲರು ಕೇಳಿದ ತಿದ್ದುಪಡಿ ಈ ಪ್ಯಾರಾದ್ದೇ. ಇದನ್ನು ತೆಗೆದಿಲ್ಲ.

ಧೈರ್ಯದ ದಾಳವೂ ಒಂದು ಸಲ ಕೈಕೊಟ್ಟಿತು. ಎರಡು ವಾರ ಕೂತು ಕೋಟೆಯ ದೊಡ್ಡ ಕಾಳಗ ಕಟ್ಟಿದ್ದೆ. ರಟ್ಟಿನಲ್ಲಿ ಮೂರು ಸುತ್ತಿನ ಗೋಡೆ ಮಾಡಿದ್ದೆ. ಮೊದಲ ಬಾಣಕ್ಕೆ ಒಬ್ಬ ಸತ್ತ, ದಾಳ ಎಸೆದೆ, 11. ಬಾಗಿಲು ತೆಗೆದು ಎಲ್ಲರೂ ಓಡಿದರು. ಡಿಎಂ ಮುಂದೆ ಇಟ್ಟುಕೊಳ್ಳುವ ಪರದೆಯ ಹಿಂದೆ ಎಸೆದಿದ್ದರೆ ಸುಳ್ಳು ಹೇಳಬಹುದಿತ್ತು. ಎಲ್ಲರ ಎದುರು ಎಸೆದಾಗಿತ್ತು. ಅವತ್ತು ಆರೂವರೆಗೇ ಆಟ ಮುಗಿದು, ಎಲ್ಲರೂ ದೋಸೆ ತಿನ್ನಲು ಹೋದೆವು.

ಹುಡುಗ ವಾಪಸ್ ಬಂದದ್ದು

ಎತ್ತು ಬಿಟ್ಟ ಕಥೆಯನ್ನು ಇಂಜಿನಿಯರಿಂಗ್ ಹುಡುಗನಿಗೆ ತೋಟದ ಹುಡುಗ ಹೇಳಿದ್ದನಂತೆ. ನಾನು ಫೋನ್ ಮಾಡಿದೆ. ದಾಳದ ತಪ್ಪು ಅಂತ ಸಮಜಾಯಿಷಿ ಕೊಡಲು ಹೋಗಲಿಲ್ಲ. ಪಟ್ಟಿ ಮಾಡಿದ್ದು ನನ್ನ ತಪ್ಪು, ಅದನ್ನು ಹರಿದು ಹಾಕಿದ್ದೇನೆ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಒಂದು ಷರತ್ತು ಹಾಕಿದ:

"ನಾನು ಸತ್ರೆ ನನ್ನ ತಪ್ಪಿಂದ ಸಾಯ್ಬೇಕು ಅಣ್ಣ. ಮುಂಚೆ ಗೊತ್ತಾಗ್ಬೇಕು. ಗೊತ್ತಿದ್ದೂ ಹೋಗಿ ಸತ್ರೆ ಬೇಜಾರಿಲ್ಲ."

ಈ ಪ್ರಕರಣದಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ನಿಯಮ ಇದು. ಹತ್ತೊಂಬತ್ತು ವರ್ಷದ ಹುಡುಗ ಸಿಟ್ಟಿನಲ್ಲಿ ಕೊಟ್ಟದ್ದು. ಈಗ ಶತ್ರುವಿನ ದೊಡ್ಡ ಏಟು ಒಂದು ಸುತ್ತು ಮುಂಚೆಯೇ ಕಾಣಿಸುತ್ತದೆ. "ರಕ್ಕಸ ಗದೆ ಬಿಸಾಕಿ ಬಂಡೆಗೆ ಕೈ ಹಾಕಿದ. ಮುಂದಿನ ಸುತ್ತಿಗೆ ಎತ್ತಿ ಎಸೀತಾನೆ. ನೀನು ನಿಂತ ಕಡೆಗೇ ನೋಡ್ತಾ ಇದ್ದಾನೆ." ಆಮೇಲೆ ಅವರ ಸರದಿ. ಸರಿಯಬಹುದು, ಅವನನ್ನು ದೂಡಬಹುದು, ಬಂಡೆ ಕೈಯಿಂದ ಬೀಳಿಸಬಹುದು, ಇಲ್ಲ ಅಲ್ಲೇ ನಿಂತು ಒಂದು ಬಾಣ ಜಾಸ್ತಿ ಬಿಡಬಹುದು. ಬಂಡೆ ಬಿದ್ದರೆ ಸಾಯುವಷ್ಟು ಏಟು. ಅದರಲ್ಲಿ ರಿಯಾಯಿತಿ ಇಲ್ಲ.

ವಿಚಿತ್ರ ಏನಂದರೆ ಪಟ್ಟಿ ಇದ್ದಾಗ ಬರದ ಭಯ ಇಲ್ಲಿ ಬಂತು. ಮೇಲಿನಿಂದ ಬೀಳುವ ಸಿಡಿಲಿಗೆ ಹೆದರಿ ಏನು ಮಾಡುವುದು? ಎದುರಿಗೆ ಬಂಡೆ ಎತ್ತಿ ನಿಂತವನ ಮುಂದೆ ನಿಲ್ಲಬೇಕಾ ಬೇಡವಾ ಅಂತ ನೀವೇ ಹೇಳಬೇಕಾದಾಗ ಬಾಯಿ ಒಣಗುತ್ತದೆ. ಹುಡುಗನ ಹೊಸ ಪಾತ್ರ ಆರು ತಿಂಗಳಲ್ಲಿ ಎರಡು ಸಲ ಸಾಯುವ ಅಂಚಿಗೆ ಹೋಯಿತು. ಎರಡು ಸಲವೂ ಅವನೇ ಆರಿಸಿಕೊಂಡು ಹೋದದ್ದು. ಅದನ್ನು ಈಗಲೂ ಹೇಳಿಕೊಂಡು ತಿರುಗುತ್ತಾನೆ.

ಈಗಿನ ಸ್ಥಿತಿ

ಕಾಳಗಗಳ ಸಂಖ್ಯೆ ಕಮ್ಮಿಯಾಗಿದೆ. ಮೊದಲು ಒಂದು ಸಂಜೆಗೆ ಎರಡು, ಈಗ ಒಂದು. ಕೆಲವು ಭಾನುವಾರ ಒಂದೂ ಇಲ್ಲ. ಚೀಟಿಯ ಮೂರನೇ ಸಾಲಿಗೆ ಉತ್ತರ ಸಿಗದೆ ನಾನೇ ಬಿಟ್ಟ ಕಾಳಗಗಳೇ ಜಾಸ್ತಿ. ವರ್ಣನೆ ಜಾಸ್ತಿ ಮಾಡಿ ಅನ್ನುವ ಸಲಹೆಯನ್ನೂ ನಡುವೆ ಒಮ್ಮೆ ನೋಡಿದೆ. ಮೂರನೇ ಸಲ "ರಕ್ತ ಚಿಮ್ಮಿತು" ಅಂದಾಗ ಮೇಷ್ಟ್ರಿಗೆ ನಗು ತಡೆಯಲಿಲ್ಲ. ಅಲ್ಲಿಗೇ ಬಿಟ್ಟೆ.

ಒಂದು ವಿಷಯ ಮಾತ್ರ ನಾನು ಅಂದುಕೊಂಡದ್ದಕ್ಕೆ ಪೂರಾ ಉಲ್ಟಾ ಆಗಿದೆ. ಪಾತ್ರಗಳು ಈಗ ಐದನೇ ಲೆವೆಲ್ ಮುಟ್ಟಿವೆ. ಬ್ಯಾಂಕ್ ಮೇಡಂಗೆ ಬೆಂಕಿ ಉಂಡೆಯ ಮಂತ್ರ ಸಿಕ್ಕಿದೆ. ಅದಕ್ಕೆ ಎಂಟು ಮಾಮೂಲಿ ದಾಳ ಒಟ್ಟಿಗೆ ಎಸೆದು ಕೂಡಿಸಬೇಕು. ಸರಾಸರಿ 28 ಅಂತ ನನಗೆ ಗೊತ್ತು. ಅದನ್ನೇ ತೆಗೆದುಕೊಂಡರೆ ಎರಡು ಸೆಕೆಂಡಿನ ಕೆಲಸ. ಹೇಳಿ ನೋಡಿದೆ. ಐದೂ ಜನ ನನ್ನ ಮೇಲೆ ಮುಗಿಬಿದ್ದರು.

ಹಾಗಾಗಿ ಹೋದ ಭಾನುವಾರವೂ ಮೇಡಂ ಎರಡೂ ಕೈಯಲ್ಲಿ ದಾಳ ಕುಲುಕಿದರು. ಕಣ್ಣು ಮುಚ್ಚಿದರು. ಎಸೆದರು. ಹುಡುಗ ಒಂದು ಕಡೆಯಿಂದ, ವಕೀಲರು ಇನ್ನೊಂದು ಕಡೆಯಿಂದ ಕೂಡಿಸಲು ಶುರು ಮಾಡಿದರು. ಒಬ್ಬರಿಗೆ 31 ಬಂತು, ಇನ್ನೊಬ್ಬರಿಗೆ 27. ಮತ್ತೆ ಎಣಿಸಿದರೆ ಮೇಜಿನ ಮೇಲೆ ಏಳೇ ದಾಳ. ಎಂಟನೆಯದು ಸೋಫಾ ಅಡಿಗೆ ಹೋಗಿತ್ತು. ತೋಟದ ಹುಡುಗ ನೆಲಕ್ಕೆ ಮಲಗಿ ಟಾರ್ಚ್ ಹಾಕಿದ. ಮೇಷ್ಟ್ರು ಸೋಫಾ ಎತ್ತಿ ಹಿಡಿದರು. "ಮುಟ್ಬೇಡ, ಎಷ್ಟು ಬಿದ್ದಿದೆ ಅಂತ ಅಲ್ಲೇ ಓದು" ಅಂತ ಮೇಡಂ ಕೂಗುತ್ತಿದ್ದರು.